ಸೋಕಿ ಅಲ್ಲ ಕಣಕ್ಕ

ಹನೂರಿನಿಂದ ಅಕ್ಕ ಫೋನ್ ಮಾಡಿ ಮಗಳ ಮೇಲೆ ದೂರು ಹೇಳಿದಳು. "ನಮ್ ರಮ್ಯ ಮೂರೊತ್ತೂ ಕನ್ನಡಿ ಮುಂದೆ ನಿಂತಿರ್ತಾಳೆ ಕಣ್ಲಾ. ಕಾಲೇಜ್‌ಗೂ ಓಗಕಿಲ್ಲ ಅಂತಾಳೆ. ಬರೀ ಸೋಕಿ!"

ಸೋಕಿ! ಆ ಪದ ಕೇಳಿದ್ದೇ ತಡ, ನಾನು ಮನಸ್ಸಿನಲ್ಲೇ ನಾವು ಹುಟ್ಟಿ ಬೆಳೆದ ಮುಳ್ಳೂರಿನ ಹಳೇ ಮನೆಯಲ್ಲಿದ್ದೆ. ಅಪ್ಪ ಗಡ್ಡ ಹೆರೆಯಲು ಕಂಬಕ್ಕೆ ತೂಗುಹಾಕಿದ್ದ ಒಂದೇ ಕನ್ನಡಿ. ಅದೂ ಅಪ್ಪನ ಎತ್ತರಕ್ಕೆ! (ನಿಮ್ಮ ಮನೆಯಲ್ಲೂ ಇತ್ತಲ್ಲವೇ?) ನಾವು ಎಗರಿದರೆ ಹಣೆಯಷ್ಟೇ ಕಾಣುತ್ತಿತ್ತು. ಮೂಗು ನೋಡಬೇಕೆಂದರೆ ಒರಳುಕಲ್ಲು ಹತ್ತಬೇಕು. ಹತ್ತಿದರೆ ಅವ್ವ ಒಲೆ ಮುಂದಿನಿಂದಲೇ ಕೂಗೋಳು: "ಏನ್ಲಾ ಸೋಕಿ? ಮದ್ವೆ ಗಂಡಾ ನೀನು?" ಎಲ್ಲರೂ ನಗುತ್ತಿದ್ದೆವು.

ನಮ್ಮ ಮುಖ ಹೇಗಿದೆ ಅಂತ ಹೇಳುತ್ತಿದ್ದವರು ಊರಿನವರು. "ಅಜ್ಜಿ ಮೂಗು ಅಂಗೇ ಬಂದದೆ" ಅಂದರೆ ಮುಗೀತು. (ಅದೇ ನಮ್ಮ ಸೆಲ್ಫಿ.) ನೆನೆಸಿಕೊಂಡರೆ ಈಗಲೂ ಹಿತವಾಗುತ್ತೆ.

ಮೊನ್ನೆ ಬೆಳಗಿನ ಬಸ್ಸಿಗೆ ಹನೂರಿಗೆ ಹೋದೆ. ರಮ್ಯ ವೇಲಿನಲ್ಲಿ ಮೂಗು ಮುಚ್ಚಿಕೊಂಡೇ ಕಾಫಿ ಕೊಟ್ಟಳು.

"ಮೂಗು ಸೊಟ್ಟಗದೆ ಮಾವ. ಬಸ್ಸಲ್ಲಿ ಎಲ್ರೂ ಅದ್ನೇ ನೋಡ್ತಾರೆ."

ಕನ್ನಡಕ ಹಾಕಿಕೊಂಡು ನೋಡಿದೆ. ಸೊಟ್ಟ ಎಲ್ಲಿದೆ? ನೆಟ್ಟಗಿತ್ತು. ಸಮಾಧಾನಕ್ಕೆ ಹಳೇ ಮಾತು ತೆಗೆದೆ: "ಇದು ನಮ್ಮವ್ವನ ಮೂಗು ಕಣವ್ವಾ." ಮುಳ್ಳೂರಲ್ಲಿ ಅದು ಬಹುಮಾನ. ಇವಳು ಅಳೋಕೆ ಶುರು!

"ಅಂದ್ರೆ ನಿಮ್ಗೂ ಎದ್ದು ಕಾಣುತ್ತೆ ಅಂತಾಯ್ತು!" ಆಮೇಲೆ ನಿಧಾನಕ್ಕೆ ಅಂದಳು, "ಈ ಮೊಕ ಇಟ್ಕಂಡು ಇರೋದೇ ಬ್ಯಾಡ ಅನ್ಸುತ್ತೆ ಮಾವ."

ಇದು ಸೋಕಿಯಾ? ನನಗೆ ಭಯವಾಯಿತು. "ಸಾಯ್ಬೇಕು ಅನ್ಸುತ್ತಾ ಮಗಾ?" ನೇರವಾಗಿಯೇ ಕೇಳಿದೆ. ಹೂಂ ಅಂದಳು. ಅವಳೊಬ್ಬಳನ್ನೇ ಬಿಡಲಿಲ್ಲ. ಅಕ್ಕನನ್ನೂ ಹೊರಡಿಸಿಕೊಂಡು ಅವತ್ತೇ ಕೊಳ್ಳೇಗಾಲದಲ್ಲಿ ಮನೋವೈದ್ಯರಿಗೆ ತೋರಿಸಿದೆವು.

ಇದೊಂದು ಕಾಯಿಲೆ, ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅಂದರು ಡಾಕ್ಟರು. ಇಲ್ಲದ, ಅಥವಾ ಇದ್ದರೂ ಯಾರ ಕಣ್ಣಿಗೂ ಬೀಳದ ಊನ ಇವರಿಗೆ ಬೆಟ್ಟದಷ್ಟು ಕಾಣುತ್ತಂತೆ. ಜೊತೆಗೆ ಖಿನ್ನತೆ ಸೇರಿಕೊಳ್ಳುತ್ತೆ, ಸಾಯುವ ಯೋಚನೆಯೂ ಬರುತ್ತೆ. "ಚೆನ್ನಾಗೇ ಇದ್ದೀಯಲ್ಲ" ಅಂದುಬಿಟ್ಟರೆ ಹೋಗುವಂಥದ್ದಲ್ಲ. ಆದರೆ ಆಪ್ತಸಮಾಲೋಚನೆ, ಮಾತ್ರೆ ಎರಡೂ ಇವೆ, ಗುಣವಾಗುತ್ತೆ. ಆ ಕೊನೇ ಮಾತು ಕೇಳಿ ಅಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕನ ಪಕ್ಕದ ಮನೆಯಾಕೆ ಸಿಕ್ಕರು. "ಏನವ್ವಾ ರಮ್ಯಾ, ಮೊಕಾನೇ ಮುಚ್ಕಂಡಿದ್ದೀಯೆ, ಏನಿದು ಸೋಕಿ?"

ಅಕ್ಕ ಮಗಳ ಕೈ ಹಿಡಿದುಕೊಂಡಳು. "ಸೋಕಿ ಅಲ್ಲ ಕಣಕ್ಕ, ಉಷಾರಿಲ್ಲ. ಡಾಕ್ಟ್ರಿಗೆ ತೋರಿಸ್ಕಂಡು ಬತ್ತಾ ಇದ್ದೀವಿ."

ಅವ್ವನ ಆ ಪದ ನನಗೆ ಈಗಲೂ ಪ್ರೀತಿಯದೇ. ಆದರೆ ಅದನ್ನು ಅನ್ನುವ ಮುಂಚೆ, ಕನ್ನಡಿ ಮುಂದಿರುವವರು ನಗುತ್ತಿದ್ದಾರಾ ಅಂತ ಒಮ್ಮೆ ನೋಡಬೇಕಲ್ಲವೇ?