ದೇವರ ಮನೆಯಲ್ಲಿ ಕಾರ್ಬುರೇಟರ್

ನಮ್ಮ ಮಾವನವರು ಜೀಪು ತಂದಾಗ ನಾನಿನ್ನೂ ಆ ಮನೆಗೆ ಸೊಸೆಯಾಗಿ ಬಂದಿರಲಿಲ್ಲ. ತಂದ ಕಥೆಯೆಲ್ಲ ಅತ್ತೆಯ ಬಾಯಿಂದ ಕೇಳಿದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪುಗಳಲ್ಲಿ ಅದೂ ಒಂದು. ಸುಂಟಿಕೊಪ್ಪದ ಕಡೆಯ ಯಾವುದೋ ಎಸ್ಟೇಟಿನಲ್ಲಿ ದುಡಿದು ಸುಸ್ತಾಗಿ, ಕೊನೆಗೆ ಕೂಲಿಯವರ ಲೈನ್ ಮನೆಗಳ ಹಿಂದೆ ಬಿದ್ದಿತ್ತಂತೆ. ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತಂತೆ. ಮಾವ ಕೋಳಿಯನ್ನು ಎಬ್ಬಿಸಿ, ಎತ್ತು ಕಟ್ಟಿ, ಜೀಪನ್ನು ಕುಶಾಲನಗರದ ಹತ್ತಿರದ ನಮ್ಮೂರಿಗೆ ಎಳೆಸಿಕೊಂಡು ಬಂದರು. ಆಗ ಕೊಡಗು ತಾನೇ ಒಂದು ರಾಜ್ಯ, ಹೊಳೆ ದಾಟಿದರೆ ಮೈಸೂರು. ನಮ್ಮವರು ಹಾಸನದ ಕಡೆಯಿಂದ ಬಂದು ಹೊಳೆಯ ಈಚೆ ದಡದಲ್ಲಿ ಭತ್ತ ಬೆಳೆಯುತ್ತಿದ್ದ ಜನ. ಗದ್ದೆ ಉಳುವವನಿಗೆ ಜೀಪು ಯಾಕೆ ಎಂದು ಊರು ನಕ್ಕಿತು.

ಯಾಕೆಂದು ಊರಿಗೆ ಚೆನ್ನಾಗಿ ಗೊತ್ತಿತ್ತು. ಮಾವನ ಹಿರಿಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದವಳು, ಹೆರಿಗೆ ಕಷ್ಟವಾಗಿ, ಮಡಿಕೇರಿ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಎತ್ತಿನ ಗಾಡಿಯಲ್ಲೇ ತೀರಿಕೊಂಡಿದ್ದಳು. ದಾರಿಯ ಮೊದಲಿಗೇ ಸಿಗುವ ಆನೆಕಾಡು ಕೂಡ ದಾಟಿರಲಿಲ್ಲ. ಗಾಡಿ ಹೊಡೆಯುತ್ತಿದ್ದವರು ಮಾವನೇ. ಇಷ್ಟು ಗೊತ್ತಿದ್ದೂ ನಕ್ಕವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮಾವನಿಗೆ ಯಾರೂ ಮೆಕ್ಯಾನಿಕ್ ಕೆಲಸ ಕಲಿಸಿರಲಿಲ್ಲ. ಬಿಚ್ಚುವುದು, ನೋಡುವುದು, ಮತ್ತೆ ಕಟ್ಟುವುದು, ಇದೇ ಅವರ ಪಾಠಶಾಲೆ. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪನ್ನು ತಿಕ್ಕಿ ತಿಕ್ಕಿ ಮೆತ್ತುತ್ತಿದ್ದರು. ರೇಡಿಯೇಟರ್ ಸೋರಿದರೆ ಅಡಿಗೆಮನೆಗೆ ಬಂದು ಅರಿಶಿನದ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ನೀರಿಗೆ ಸುರಿಯುತ್ತಿದ್ದರು. ಸೋರುವುದು ನಿಜಕ್ಕೂ ನಿಲ್ಲುತ್ತಿತ್ತು. "ಜೀಪಿಗೆ ಅರಿಶ್ನ ಆಯ್ತು, ಇನ್ನು ಸೀರೆ ಉಡ್ಸದೊಂದು ಬಾಕಿ" ಎಂದು ಅತ್ತೆ ರೇಗುತ್ತಿದ್ದರು. ಆದರೆ ಜೀಪಿನ ಟಾರ್ಪಾಲ್ ಹರಿದಾಗ ದಬ್ಬಳ ಹಿಡಿದು ಜಗಲಿಯಲ್ಲಿ ಕೂತು ಹೊಲಿದವರೂ ಅವರೇ. ಅದು ಅಮೆರಿಕದ ಜೀಪು, ಸ್ಟಿಯರಿಂಗ್ ಎಡಗಡೆ ಇದ್ದುದರಿಂದ ಮುಂದಿನ ಲಾರಿ ದಾಟುವಾಗ ಮಾವನಿಗೆ ಎದುರಿನ ರಸ್ತೆ ಕಾಣುತ್ತಿರಲಿಲ್ಲ. ಬಲಗಡೆ ನಮ್ಮ ಯಜಮಾನರು ಕೂತು, ಕತ್ತು ಹೊರಗೆ ಹಾಕಿ, "ಬತ್ತಾ ಅದೆ, ಇರಿ" "ಈಗ ಓಗಿ" ಎಂದು ಕೂಗಬೇಕಿತ್ತು. ಯಜಮಾನರು ಎಂದೂ ಮಾವನ ಮಾತಿಗೆ ಎದುರಾಡದವರು. ಅಪ್ಪನಿಗೆ ಅವರು ಅಪ್ಪಣೆ ಕೊಡುತ್ತಿದ್ದುದು ಜೀಪಿನಲ್ಲಿ ಮಾತ್ರ.

ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ಹಿಂದಿನ ಹಲಗೆ. ಮಾವ ಹಿಂದಿನ ಸೀಟು ಕಿತ್ತು, ಒಬ್ಬರು ಉದ್ದಕ್ಕೆ ಮಲಗುವಂಥ ಹಲಗೆ ಮಾಡಿ, ಅದನ್ನು ಲಾರಿ ಟ್ಯೂಬಿನ ಪಟ್ಟಿಗಳಲ್ಲಿ ನಾಲ್ಕು ಮೂಲೆಗೆ ತೂಗು ಹಾಕಿದ್ದರು. ಜೀಪು ಎಷ್ಟೇ ಕುಣಿದರೂ ಹಲಗೆ ತೊಟ್ಟಿಲಿನಂತೆ ತೂಗುತ್ತಿತ್ತು. ಸರಿಯಾಗಿದೆಯೋ ಎಂದು ನೋಡಲು ತುಂಬಿದ ನೀರಿನ ಬಿಂದಿಗೆಯನ್ನು ಅದರ ಮೇಲಿಟ್ಟು, ಕೊಯ್ಲಾದ ಗದ್ದೆಯಲ್ಲಿ ಬದು ಹತ್ತಿಸಿ ಇಳಿಸಿ ಜೀಪು ಓಡಿಸುತ್ತಿದ್ದರು. ನೀರು ಚೆಲ್ಲಿದರೆ ಪಟ್ಟಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಯಾರಿಗೋಸ್ಕರ ಎಂದು ಯಾರೂ ಕೇಳುತ್ತಿರಲಿಲ್ಲ.

ನನ್ನ ಚೊಚ್ಚಲ ಬಸಿರಿನಲ್ಲಿ ಆಯುಧಪೂಜೆ ಬಂತು. ಹಬ್ಬ ಮುಗಿಸಿಕೊಂಡು ನನ್ನನ್ನು ತವರಿಗೆ ಕಳಿಸುವ ಮಾತಾಗಿತ್ತು. ದಿನ ತುಂಬಲು ಇನ್ನೂ ತಿಂಗಳಿತ್ತು. ಮಾವ ಜೀಪಿನ ಪೂಜೆಯನ್ನು ತಮ್ಮದೇ ಕ್ರಮದಲ್ಲಿ ಮಾಡುತ್ತಿದ್ದರು. "ಮೈ ತೊಳ್ದು ಹಾರ ಹಾಕ್ಬುಟ್ರೆ ಆಯ್ತಾ? ಒಟ್ಟೆ ಒಳಗೂ ಮಡಿ ಆಗ್ಬೇಡ್ವಾ?" ಎಂದು ಕಾರ್ಬುರೇಟರ್, ಪ್ಲಗ್ಗು ಎಲ್ಲ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಹಿತ್ತಾಳೆ ತಟ್ಟೆಯಲ್ಲಿ ಸಾಲಾಗಿಟ್ಟು ದೇವರ ಮನೆಯಲ್ಲಿ ಕುಡುಗೋಲು, ನೇಗಿಲ ಗುಳದ ಪಕ್ಕ ಇಡುತ್ತಿದ್ದರು. ಸ್ಪ್ಯಾನರುಗಳೂ ಅಲ್ಲೇ. ಅತ್ತೆ ಒಂದೊಂದಕ್ಕೂ ಗಂಧ ಕುಂಕುಮ ಹಚ್ಚುತ್ತಿದ್ದರು. ಮರುದಿನ ವಿಜಯದಶಮಿಯಂದು ಪೂಜೆ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಈ ವಿಷಯದಲ್ಲಿ ಮಾವ ಕಟ್ಟುನಿಟ್ಟು ಎಂದರೆ ಕಟ್ಟುನಿಟ್ಟು. ಒಂದು ವರ್ಷ ಯಜಮಾನರು ಅಂದು ತೆಂಗಿನಕಾಯಿ ಸುಲಿಯಲು ಕತ್ತಿ ತೆಗೆದಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು.

ಹಬ್ಬದ ಊಟ ಮುಗಿದು ಎಲೆ ತೆಗೆಯಲು ಬಗ್ಗಿದೆ. ನೋವು ಅಲ್ಲೇ ಶುರುವಾಯಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ ಅತ್ತೆಯನ್ನು ಹೊರಗೆ ಕರೆದಳು. ಮೆಲ್ಲಗೆ ಹೇಳಿದರೂ ನನಗೆ ಕೇಳಿಸಿತು. "ಮಗ ಅಡ್ಡ ತಿರುಗ್ಬುಟ್ಟದೆ ಕಣವ್ವ. ನನ್ ಕೈಲಾಗಲ್ಲ. ಮಡಿಕೇರಿಗೆ ಕರ್ಕೊಂಡೋಗಿ."

ಆರು ವರ್ಷ ಯಾವ ಗಳಿಗೆಗಾಗಿ ಜೀಪನ್ನು ಸಜ್ಜು ಮಾಡಿಟ್ಟಿದ್ದರೋ ಆ ಗಳಿಗೆ ಬಂದಾಗ ಜೀಪಿನ ಜೀವ ದೇವರ ಮನೆಯ ತಟ್ಟೆಯಲ್ಲಿತ್ತು. ಯಜಮಾನರು "ಗಾಡಿ ಕಟ್ಲಾ ಅಪ್ಪ?" ಎಂದರು. ಗಾಡಿ ಎಂಬ ಮಾತಿಗೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಮಾವ ಪೂಜೆ ಮುಟ್ಟುವುದಿಲ್ಲ, ನಾನು ಸತ್ತೆ ಎಂದೇ ಅಂದುಕೊಂಡೆ.

ಮಾವ ಒಂದು ಕ್ಷಣವೂ ನಿಲ್ಲಲಿಲ್ಲ. ಕೈ ಕೂಡ ಮುಗಿಯಲಿಲ್ಲ. ನೇರ ದೇವರ ಮನೆಗೆ ಹೋಗಿ, ಉರಿಯುವ ದೀಪವನ್ನು ಪಕ್ಕಕ್ಕೆ ಸರಿಸಿ, ತಟ್ಟೆಯನ್ನೇ ಎತ್ತಿಕೊಂಡು ಬಂದರು. "ಲೋ ಮಗ, ಸ್ಪ್ಯಾನರ್ ತಗೊಂಡ್ ಬಾ" ಎಂದರು. ನಾನು ಜಗಲಿಯ ಚಾಪೆಯ ಮೇಲೆ ಮಲಗಿಕೊಂಡೇ ನೋಡುತ್ತಿದ್ದೆ. ಆ ಕೈಗಳನ್ನು ನಾನು ಮರೆಯಲಾರೆ. ಒಂದು ತಿರುಪೂ ಕೆಳಗೆ ಬೀಳಲಿಲ್ಲ. ಜೀಪಿಗೆ ಕಟ್ಟಿದ್ದ ಹೂವಿನ ಹಾರವನ್ನೂ ಬಾಳೆಕಂದನ್ನೂ ಕಿತ್ತೆಸೆದು ಹ್ಯಾಂಡಲ್ ಹಾಕಿ ತಿರುಗಿಸಿದರು. ಎಂಜಿನ್ ಹತ್ತಿಕೊಂಡಾಗ ಅತ್ತೆ ಜೋರಾಗಿ ಅತ್ತರು.

ಹಲಗೆಯ ಮೇಲೆ ನಾನು, ಪಕ್ಕದಲ್ಲಿ ಅತ್ತೆ. ಆನೆಕಾಡನ್ನು ಜೀಪು ಸಲೀಸಾಗಿ ದಾಟಿತು. ಸುಂಟಿಕೊಪ್ಪ ದಾಟಿ ಏರು ಹತ್ತುವಾಗ ಜೀಪು ಕೆಮ್ಮಿ, ಮುಗ್ಗರಿಸಿ, ನಿಂತೇ ಹೋಯಿತು. ನನ್ನ ಸಿಟ್ಟು ನೆತ್ತಿಗೇರಿತು. ಮಾವನ ಎದುರಿಗೆ ತಲೆ ಎತ್ತಿ ಮಾತಾಡದ ಸೊಸೆ ನಾನು, "ಮಾವ, ಇದನ್ನ ಓಡಿಸ್ತೀರೋ ಇಲ್ವೋ!" ಎಂದು ಕಿರುಚಿದೆ.

"ಓಡಿಸ್ತೀನಿ ಕಣವ್ವ, ತಡ್ಕೊ" ಎಂದರು, ಅಷ್ಟೇ ಮೆತ್ತಗೆ. ಕಾರ್ಬುರೇಟರ್ ಮತ್ತೆ ಬಿಚ್ಚಿ, ಅದರೊಳಗಿನ, ಪೆಟ್ರೋಲು ಹಾಯುವ ತೂತಿನ ಸಣ್ಣ ಜೆಟ್ ತೆಗೆದು ಬೆಳಕಿಗೆ ಹಿಡಿದರು. ಅವಸರದಲ್ಲಿ ಒರೆಸಿದ್ದರೂ ಅತ್ತೆ ಹಚ್ಚಿದ ಗಂಧ ಕುಂಕುಮ ಸೂಜಿಮೊನೆಯಂಥ ಆ ತೂತಿನಲ್ಲಿ ಕೂತಿತ್ತು. ಜೆಟ್ಟನ್ನು ಬಾಯಲ್ಲಿಟ್ಟು ಊದಿದರು, ಹೀರಿದರು, ಮತ್ತೆ ಊದಿದರು. ಕೆಂಪಗೆ ಉಗುಳಿದಾಗ ರಕ್ತವೆಂದು ನಾನು ಹೆದರಿದೆ. ಪೆಟ್ರೋಲು ಗಂಟಲಿಗಿಳಿದು ಕೆಮ್ಮುತ್ತಲೇ ಜೋಡಿಸಿದರು. ಅತ್ತೆಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಎಂಜಿನ್ ಮತ್ತೆ ಶುರುವಾದಾಗ ಹೋದ ಜೀವ ಬಂದಂತಾಯಿತು.

ಆಸ್ಪತ್ರೆಯಲ್ಲಿ ಕೊಯ್ದು ಮಗು ತೆಗೆದರು. ನರ್ಸು ಹೊರಗೆ ಬಂದು ಹೆಣ್ಣುಮಗು, ತಾಯಿಯೂ ಕ್ಷೇಮ ಎಂದಾಗ ಮಾವ "ಬಂದ್ಲಾ?" ಎಂದು ಕೇಳಿದರಂತೆ. ಕೇಳಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತರಂತೆ. ಇದನ್ನೂ ಹೇಳಿದ್ದು ಅತ್ತೆಯೇ.

ಮುಂದಿನ ಆಯುಧಪೂಜೆಗೆ ಮಾವ ಜೀಪಿನ ಒಂದು ತಿರುಪನ್ನೂ ಬಿಚ್ಚಲಿಲ್ಲ. ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಶುರುಮಾಡಿ, ಓಡುವ ಎಂಜಿನ್ನಿಗೇ ಪೂಜೆ ಎಂದರು. "ನಿಲ್ಸಿ ಗೌಡ್ರೆ, ಮಂತ್ರ ಯಾರ್ಗೂ ಕೇಳ್ಸಕಿಲ್ಲ" ಎಂದು ಪೂಜೆಗೆ ಬಂದಿದ್ದ ಅಯ್ಯನವರು ಗೊಣಗಿದರು. "ದೇವ್ರಿಗೆ ಕೇಳ್ಸುತ್ತೆ, ನೀವ್ ಮಂತ್ರ ಏಳಿ ಸ್ವಾಮಿ" ಎಂದರು ಮಾವ. ಊರಿನವರು ಸುತ್ತ ನಿಂತಿದ್ದರು. ಆ ದಿನ ಒಬ್ಬರೂ ನಗಲಿಲ್ಲ. ಸದ್ದಿಗೆ ಬೆಚ್ಚಿ ನನ್ನ ಮಗಳು ಸೂರು ಹಾರುವಂತೆ ಅಳತೊಡಗಿದಳು. ಮಾವ ಅವಳನ್ನು ನನ್ನ ಸೊಂಟದಿಂದ ಎತ್ತಿಕೊಂಡು ಎದೆಗೆ ಒತ್ತಿ ಹಿಡಿದರು. ಎಂಜಿನ್ ಮಾತ್ರ ನಿಲ್ಲಿಸಲಿಲ್ಲ.