ಎಡಗೈ ಉತ್ತರ

ನಾನು ಒಂದನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ಸಮಾಜ ಎಂಬ ವಿಷಯದಲ್ಲಿ ಕಲಿಯಲು ಇದ್ದದ್ದೇ ಅಷ್ಟು. ಅಪ್ಪ ದುಡಿಯುತ್ತಾರೆ, ಅಮ್ಮ ಅಡುಗೆ ಮಾಡುತ್ತಾರೆ, ಅಂಚೆಯಣ್ಣ ಕಾಗದ ತರುತ್ತಾನೆ, ರಸ್ತೆ ದಾಟುವಾಗ ಎರಡೂ ಕಡೆ ನೋಡಬೇಕು, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ. ನಮ್ಮ ಮನೆಯಲ್ಲಿ ಅಮ್ಮ ಅಡುಗೆಯ ಜೊತೆಗೆ ಇಡೀ ಬೀದಿಯ ರವಿಕೆ ಹೊಲಿಯುತ್ತಿದ್ದಳು. ಆದರೂ ನಾನು ಬರೆದದ್ದು ಅಪ್ಪ ದುಡಿಯುತ್ತಾರೆ ಎಂದೇ, ಹಾಗೆ ಬರೆದರೆ ಮಾತ್ರ ರೈಟ್ ಮಾರ್ಕು. ಈ ಐದರಲ್ಲಿ ನಾಲ್ಕು ಪಾಠಗಳಿಂದ ಯಾರಿಗೂ ತೊಂದರೆಯಾಗಲಿಲ್ಲ. ಐದನೆಯದು ಮಾತ್ರ ನಮ್ಮ ಮನೆಯನ್ನು ಎಬ್ಬಿಸಿ ಕುಣಿಸಿತು. ಮೂವತ್ತು ವರ್ಷದ ಮೇಲೆ ಈಗಲೂ ನೆನೆಸಿಕೊಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ.

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಶಾಲೆ, ಹೆಂಚಿನ ಉದ್ದನೆಯ ಕಟ್ಟಡ. ಒಂದನೇ ಕ್ಲಾಸಿನ ಕೋಣೆಗೆ ಸುಣ್ಣದ್ದು, ಬೆವರಿನದು, ಉಗುಳು ಹಚ್ಚಿ ಒರೆಸಿದ ಸ್ಲೇಟಿನದು ಎಲ್ಲ ಸೇರಿದ ಒಂದು ವಾಸನೆ. ನಮ್ಮ ಅಕ್ಕೋರು, ಅಂದರೆ ಟೀಚರ್, ದಿಕ್ಕಿನ ಪಾಠಕ್ಕೆ ಎಲ್ಲರನ್ನೂ ಕರಿಹಲಗೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ತಾವೂ ನಮಗೆ ಬೆನ್ನು ಹಾಕಿ ನಿಂತು, ಕೈ ಚಾಚಿ ಹೇಳಿಕೊಟ್ಟರು: ಮುಖ ಪೂರ್ವ, ಬೆನ್ನು ಪಶ್ಚಿಮ, ಎಡಗೈ ಉತ್ತರ, ಬಲಗೈ ದಕ್ಷಿಣ. ಒಂದು ವಾರ ಇದನ್ನೇ ಕೂಗಿದೆವು. ಆ ಕೋಣೆಯಲ್ಲಿ ಹಲಗೆ ಇದ್ದದ್ದು ಮೂಡಣ ಗೋಡೆಗೆ, ಅದಕ್ಕೇ ಈ ಲೆಕ್ಕ. ಆ ಮಾತನ್ನು ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಬಾಗಿಲು ತೆಗೆದು ಸೂರ್ಯನನ್ನು ತೋರಿಸಿದ್ದರೂ ಸಾಕಿತ್ತು. ಆದರೆ ಅರವತ್ತು ಮಕ್ಕಳನ್ನು ಹೊರಗೆ ಬಿಟ್ಟರೆ ಮತ್ತೆ ಒಳಗೆ ತುಂಬುವವರು ಯಾರು? ಹೀಗಾಗಿ ನಾಲ್ಕು ದಿಕ್ಕುಗಳೂ ನನ್ನ ಮೈಗೆ ಅಂಟಿಕೊಂಡವು. ನಾನು ಎಲ್ಲಿ ಹೋದರೂ, ಎತ್ತ ತಿರುಗಿದರೂ, ಮುಖ ಇದ್ದ ಕಡೆ ಪೂರ್ವ.

ಮನೆಯವರಾದರೂ ತಿದ್ದಬಹುದಿತ್ತು. ಊಟಕ್ಕೆ ಕೂತಾಗ ನಾನು, ಅಮ್ಮಾ, ನನ್ನ ಉತ್ತರದ ಕೈಗೆ ಸಾರು ಚೆಲ್ಲಿತು ಎಂದರೆ ಎಲ್ಲರೂ ನಕ್ಕು, ಎಷ್ಟು ಚುರುಕು ನೋಡು ಎಂದು ನನ್ನ ಗಲ್ಲ ಹಿಂಡುತ್ತಿದ್ದರು. ದೊಡ್ಡವರ ಬುದ್ಧಿಯೇ ಹಾಗೆ. ಮಕ್ಕಳ ತಪ್ಪು ಮುದ್ದಾಗಿದ್ದರೆ ಅದನ್ನು ತಿದ್ದುವ ಗೋಜಿಗೇ ಹೋಗುವುದಿಲ್ಲ.

ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾಗಿದ್ದ ಆ ದಿನಗಳಲ್ಲೇ ಅಜ್ಜ ಕಣ್ಣಿನ ಆಪರೇಷನ್ನಿಗೆಂದು ನಮ್ಮ ಮನೆಗೆ ಬಂದರು. ಅಪ್ಪನ ಅಪ್ಪ. ಹರಿಹರದ ಆಚೆ ಸಾರಥಿಯಲ್ಲಿ ದೊಡ್ಡಪ್ಪನ ಜೊತೆ ಬೇಸಾಯ ಮಾಡಿಕೊಂಡಿದ್ದವರು. ಎರಡೂ ಕಣ್ಣಿಗೆ ಪೊರೆ. ಮೊದಲು ಒಂದು ಕಣ್ಣು, ಅದು ವಾಸಿಯಾದ ಮೇಲೆ ಇನ್ನೊಂದು ಎಂದು ಡಾಕ್ಟರು ಹೇಳಿದ್ದರು. ಆಗಿನ ಆಪರೇಷನ್ ಈಗಿನಂತಲ್ಲ. ಎರಡೂ ಕಣ್ಣು ಮುಚ್ಚುವಂತೆ ಹಸಿರು ಬಟ್ಟೆ ಕಟ್ಟಿ, ಎಂಟು ದಿನ ತಲೆ ಬಗ್ಗಿಸಬಾರದು, ಗಟ್ಟಿ ಪದಾರ್ಥ ಅಗಿಯಬಾರದು, ಬಸ್ಸು ಹತ್ತಬಾರದು ಎಂದು ಕಳಿಸಿದರು. ಕಿಟಕಿಯೇ ಇಲ್ಲದ ನಡುಮನೆಯಲ್ಲಿ ಮಂಚ ಹಾಕಿದೆವು. ವಿಭೂತಿಯ ವಾಸನೆಯ ಜೊತೆ ಕಣ್ಣಿನ ಮುಲಾಮಿನ ವಾಸನೆ ಬೆರೆತು ಮನೆ ಆಸ್ಪತ್ರೆಯೂ ಅಲ್ಲದ ಮಠವೂ ಅಲ್ಲದ ಹಾಗಾಯಿತು. ನನಗಂತೂ ಅಜ್ಜ ಇಡೀ ದಿನ ಕಣ್ಣಾಮುಚ್ಚಾಲೆ ಆಡುತ್ತಿದ್ದಾರೆ ಎಂದು ಖುಷಿಯೋ ಖುಷಿ.

ತೊಂದರೆ ಶುರುವಾದದ್ದು ಬಚ್ಚಲಿನಿಂದ. ಅಪ್ಪ ಬೆಳಗ್ಗೆ ಕಾಲೇಜಿನ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ಹಗಲಲ್ಲಿ ಅಜ್ಜನನ್ನು ಬಚ್ಚಲಿಗೆ ಕರೆದೊಯ್ಯಲು ಅಮ್ಮನೊಬ್ಬಳೇ. ಅಜ್ಜ ಒಪ್ಪಲಿಲ್ಲ. ಸೊಸೆಯ ಕೈ ಹಿಡಿದುಕೊಂಡು ಬಚ್ಚಲಿಗೆ ಹೋಗುವುದಕ್ಕಿಂತ ಕುರುಡನಾಗಿರುವುದೇ ವಾಸಿ ಎಂದುಬಿಟ್ಟರು. ತಾವೇ ಹೋಗುತ್ತಾರಂತೆ, ದಾರಿ ಹೇಳಿದರೆ ಸಾಕಂತೆ. ಅಮ್ಮ, ಮಂಚದಿಂದ ಇಳಿದು ಬಲಕ್ಕೆ ತಿರುಗಿ ಎಂದು ಶುರುಮಾಡಿದಳು. ಅದಕ್ಕೂ ಅವರು ತಲೆ ಕೊಡವಿದರು.

"ಎಡಕ್ಕ ಬಲಕ್ಕ ಅಂತ ಎತ್ತಿಗೆ ಹೇಳ್ತಾರವ್ವ. ನನಗ ದಿಕ್ಕು ಹೇಳ್ರಿ. ಬಚ್ಚಲ ಯಾ ದಿಕ್ಕಿಗೈತೆ?"

ಅಮ್ಮನಿಗೆ ಗೊತ್ತಿರಲಿಲ್ಲ. ಸಂಜೆ ಬಂದ ಅಪ್ಪನಿಗೂ ಗೊತ್ತಿರಲಿಲ್ಲ. ದೇವರ ಗೂಡು ಇರುವ ಕಡೆ ಪೂರ್ವ ಇರಬೇಕು ಎಂದು ಅಮ್ಮ, ಬಾಡಿಗೆ ಮನೆಯಲ್ಲಿ ಮೊಳೆ ಇದ್ದ ಕಡೆ ದೇವರು ಎಂದು ಅಪ್ಪ. ಇಬ್ಬರೂ ವಾದಕ್ಕೆ ಬಿದ್ದರು. ಒಬ್ಬರೂ ಅಂಗಳಕ್ಕೆ ಇಳಿದು ನೋಡಲಿಲ್ಲ. ಆಗ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ ನಾನು ಎದ್ದು ನಿಂತೆ. ಮನೆಯಲ್ಲಿ ದಿಕ್ಕು ಓದಿದವಳು ನಾನೊಬ್ಬಳೇ ತಾನೆ? ಅಜ್ಜನ ಕೈ ಹಿಡಿದು ನನ್ನ ಮುಖ ಇದ್ದ ಕಡೆ ಚಾಚಿ, ಇದು ಪೂರ್ವ ಎಂದೆ. ಬಚ್ಚಲು ನನ್ನ ಬಲಗೈ ಕಡೆಗಿತ್ತು. ದಕ್ಷಿಣ ಎಂದೆ. ದಕ್ಷಿಣ ಅಂದರೆ ತೆಂಕಲು ಎಂದು ಅಜ್ಜ ತಮ್ಮ ಮಾತಿಗೆ ಇಳಿಸಿಕೊಂಡು, ಎಷ್ಟು ಹೆಜ್ಜೆ ಎಂದು ಕೇಳಿದರು. ನಾನು ನಡೆದು ಎಣಿಸಿ ಹೇಳಿದೆ. ಅವರು ಗೋಡೆ ಸವರುತ್ತ ಹೋಗಿ, ಬಂದು, ಮಂಚದ ಮೇಲೆ ಕೂತು ಮೀಸೆಯಡಿ ನಕ್ಕರು. ಅವತ್ತಿನಿಂದ ನಾನು ಶಾಲೆಯಿಂದ ಬಂದ ಕೂಡಲೇ ಅವರ ಮಂಚದ ಮೇಲೆ ಹಾಜರು. ನಾನು ದಿಕ್ಕು ಹೇಳಿಕೊಟ್ಟಿದ್ದಕ್ಕೆ ಅವರು ತಮ್ಮ ಪಾಲಿನ ರವೆ ಗಂಜಿಯಲ್ಲಿ ನನಗೊಂದು ಲೋಟ ಕೊಡಿಸುತ್ತಿದ್ದರು.

ಅದು ಸರಿಬಂದದ್ದು ಅದೃಷ್ಟಕ್ಕೆ. ಮಂಚ ತಾಗಿದ್ದ ಆ ಗೋಡೆಗೆ ಬೆನ್ನು ಕೊಟ್ಟು ನಿಂತರೂ ಕೂತರೂ ನನ್ನ ಮುಖ ನಿಜವಾಗಿಯೂ ಪೂರ್ವಕ್ಕೇ ಇರುತ್ತಿತ್ತು.

ಮೂರನೆಯ ದಿನ ಶನಿವಾರ, ನನಗೆ ಅರ್ಧ ದಿನವೇ ಶಾಲೆ. ಮಧ್ಯಾಹ್ನ ಹರಿಹರದಿಂದ ಮಾಮ ಮತ್ತು ಅತ್ತೆ, ಅಂದರೆ ಅಮ್ಮನ ಅಣ್ಣ, ಅತ್ತಿಗೆ, ಅಜ್ಜನನ್ನು ಮಾತಾಡಿಸಲು ಮೋಸಂಬಿ ಹಿಡಿದುಕೊಂಡು ಬಂದರು. ಬೀಗರು ಬರುವ ಹೊತ್ತಿಗೆ ಮುಂದಿನ ಹಾಲ್‌ನಿಂದ ಮಂಚ ಕಾಣಬಾರದೆಂದು ಅಮ್ಮ ಅಜ್ಜನನ್ನು ಎಬ್ಬಿಸಿ ಕೂರಿಸಿ, ಮಂಚವನ್ನು ಎದುರಿನ ಗೋಡೆಗೆ ಎಳೆದಳು. ಅಜ್ಜ ಮತ್ತೆ ಮಲಗಿದರು. ಮಾಮ, ಅತ್ತೆ ಹಾಲ್‌ನಲ್ಲಿ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತ, ಮಲಗಿದವರಿಗೆ ಎಚ್ಚರವಾಗದಿರಲೆಂದು ಪಿಸುಮಾತಿನಲ್ಲಿದ್ದರು. ನಾನು ಎಂದಿನಂತೆ ಮಂಚದ ಮೇಲೆ, ಗೋಡೆಗೆ ಬೆನ್ನು ಕೊಟ್ಟು. ಅಜ್ಜ ಎದ್ದರು. ಮಂಚ ಸರಿಸಿದ್ದು ನೆನಪಿತ್ತು, ಮೂಡಲ ಈಗ ಯಾವ ಕಡೆ ಬಂತು ಎಂದು ಕೇಳಿದರು. ನಾನು ಅವರ ಕೈ ಹಿಡಿದು ನನ್ನ ಮುಖದ ಕಡೆ ಚಾಚಿದೆ. ಮಂಚ ತಿರುಗಿತ್ತು, ನಾನು ತಿರುಗಿದ್ದೆ, ನನ್ನ ಪೂರ್ವವೂ ನನ್ನ ಜೊತೆ ತಿರುಗಿತ್ತು. ಈಗ ನನ್ನ ಬಲಗೈ ಕಡೆ ಇದ್ದದ್ದು ಹಾಲ್.

ಅಜ್ಜ ತಮ್ಮ ತೆಂಕಲು ಹಿಡಿದು ಹೆಜ್ಜೆ ಎಣಿಸುತ್ತ ಹೊರಟರು. ಬಾಗಿಲು ದಾಟಿ, ಟವೆಲ್ಲನ್ನು ಹೆಗಲಿಗೆ ಹಾಕಿ, ಧೋತರದ ಗಂಟಿಗೆ ಕೈ ಹಾಕಿದರು. ಅಡುಗೆಮನೆಯಿಂದ ಅಮ್ಮ ಓಡಿ ಬಂದಳು.

"ಮಾವ, ಇದು ಹಾಲ್ ರೀ. ಬೀಗರು ಕುಂತಾರೆ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಒತ್ತಿಕೊಂಡರೂ ಆ ನಗು ಹೊರಗೆ ಬಂತು. ಅಜ್ಜ ಗಂಟು ಬಿಗಿ ಮಾಡಿಕೊಂಡು, ಯಾವ ಕಡೆ ತಿರುಗಬೇಕೆಂದು ತಿಳಿಯದೆ ಅಲ್ಲೇ ನಿಂತರು. ಕಡೆಗೆ ಅಮ್ಮನೇ ಕೈ ಹಿಡಿದು ಕರೆದುಕೊಂಡು ಬಂದಳು.

ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಸಿಟ್ಟು ಬಂತು. ಅಷ್ಟು ಚೆನ್ನಾಗಿ ಹೇಳಿಕೊಟ್ಟರೂ ತಪ್ಪಿ ಹೋದರಲ್ಲ ಎಂದು. ಪುಸ್ತಕ ತಂದು ಆ ಪುಟ ತೆರೆದು, ಕಣ್ಣು ಕಟ್ಟಿದವರ ಮುಂದೆ ಹಿಡಿದು ಜೋರು ಮಾಡಿದೆ.

"ನಿಂಗೆ ದಿಕ್ಕಾ ಗೊತ್ತಿಲ್ಲ ಅಜ್ಜ. ಅಕ್ಕೋರು ನಂಗೆ ಕಲಿಸ್ಯಾರೆ."

"ಇರಬೇಕವ್ವ," ಎಂದರು ಅಜ್ಜ. "ಊರು ಬಿಟ್ಟ ಮ್ಯಾಲೆ ನನಗ ದಿಕ್ಕು ತಪ್ಪೈತೆ."

ಐವತ್ತು ವರ್ಷ ನೇಗಿಲು ಹಿಡಿದ ಮನುಷ್ಯನಿಂದ ಒಂದನೇ ಕ್ಲಾಸಿನವಳು ಈ ಮಾತು ಹೊರಡಿಸಿದಳು. ಬರೆಯುತ್ತಿರುವಾಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿದೆ.

ಅವತ್ತು ಸಂಜೆಯಿಂದ ಅಜ್ಜ ನೀರು ಕುಡಿಯುವುದನ್ನು ಬಿಟ್ಟರು. ಗಂಜಿಯೂ ಬೇಡ, ಸಾರೂ ಬೇಡ. ಕುಡಿದರೆ ತಾನೆ ಬಚ್ಚಲಿಗೆ ಹೋಗಬೇಕಾಗುವುದು? ತಮ್ಮನ್ನು ಸಾರಥಿಗೆ ಕಳಿಸಿ ಎಂಬುದೊಂದೇ ಮಾತು. ಎಂಟು ದಿನ ಬಸ್ಸು ಹತ್ತುವಂತಿಲ್ಲ ಎಂದು ಅಪ್ಪ ಮೊದಲು ಮೆತ್ತಗೆ ಹೇಳಿದರು, ಆಮೇಲೆ ಗದರಿದರು, ಕೊನೆಗೆ ಬೀದಿಗೆ ಕೇಳುವಂತೆ ಕೂಗಾಡಿದರು. ರಜೆ ಹಾಕಿ, ಬ್ಯಾಂಕಿನಲ್ಲಿದ್ದದ್ದನ್ನು ತೆಗೆದು ಆಪರೇಷನ್ ಮಾಡಿಸಿದವರಿಗೆ ಸಿಟ್ಟು ಬರದೆ ಇನ್ನೇನು? ಅಮ್ಮ ಇಬ್ಬರ ನಡುವೆ ಲೋಟ ಹಿಡಿದು ನಿಂತು ನಿಂತು ಸಾಕಾಗಿ ಅತ್ತಳು. ಒಂದು ರಾತ್ರಿ, ಒಂದು ಹಗಲು ಕಳೆಯುವ ಹೊತ್ತಿಗೆ ಅಜ್ಜನ ತುಟಿ ಒಣಗಿ ಸೀಳಿತು. ಅಪ್ಪ ಸೋತರು. ಡಾಕ್ಟರ ಹತ್ತಿರ ಬೈಸಿಕೊಂಡು, ಹತ್ತಿ, ಮುಲಾಮು ಕಟ್ಟಿಸಿಕೊಂಡು ಬಂದು ಅಜ್ಜನನ್ನು ಹೊರಡಿಸಿದರು. ಅಜ್ಜ, ಈಕೆಯೂ ಬರಲಿ ಎಂದು ನನ್ನ ಕೈ ಹಿಡಿದರು. ಹರಿಹರದ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಅಪ್ಪ ನನಗೆ ಬೇಯಿಸಿದ ಶೇಂಗಾ ಕೊಡಿಸಿದರು. ನನ್ನ ಗಮನವೆಲ್ಲ ಅದರ ಮೇಲೇ ಇತ್ತು.

ಸಾರಥಿಯಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಅಜ್ಜ ಗಂಟೆ ಎಷ್ಟೆಂದು ಕೇಳಿದರು. ಬಿಸಿಲು ಒಂದು ಕೆನ್ನೆಗೆ ಬೀಳುವವರೆಗೆ ನಿಧಾನವಾಗಿ ತಿರುಗಿ, ಅಪ್ಪನ ಕೈ ಬಿಡಿಸಿಕೊಂಡು ನಡೆದರು. ತಿಪ್ಪೆ ಸುತ್ತಿದರು, ಚರಂಡಿ ದಾಟಿದರು, ದೊಡ್ಡಪ್ಪನ ಮನೆಯ ಎರಡು ಮೆಟ್ಟಿಲು ಹತ್ತಿ ಕೈಯನ್ನು ನೇರವಾಗಿ ನೀರಿನ ಹಂಡೆಯ ಮೇಲೆ ಇಟ್ಟರು. ಎರಡು ತಂಬಿಗೆ ನೀರು ಕುಡಿದರು. ಅವರ ಕಣ್ಣಿನ ಮೇಲೆ ಹಸಿರು ಬಟ್ಟೆ ಹಾಗೇ ಇತ್ತು. ನನಗೆ ಮೊದಲ ಸಲ ಅನುಮಾನ ಬಂತು.

ಕಟ್ಟೆಯ ಮೇಲೆ ಅವರ ಪಕ್ಕ ಕೂತು, ಇಲ್ಲಿ ನಿನಗೆ ದಿಕ್ಕು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅಜ್ಜ ನನ್ನನ್ನು ಎದುರಿಗೆ ನಿಲ್ಲಿಸಿ, ಮೂಡಲ ತೋರಿಸು ಎಂದರು. ಮುಖದ ಮುಂದೆ ಕೈ ಚಾಚಿದೆ. ಅವರು ನನ್ನ ಕೈಯನ್ನು ಸವರಿ ನೋಡಿ, ಭುಜ ಹಿಡಿದು ಪೂರ್ತಿ ತಿರುಗಿಸಿ ನಿಲ್ಲಿಸಿ, ಈಗ ತೋರಿಸು ಎಂದರು. ಮತ್ತೆ ಮುಖದ ಮುಂದೆಯೇ ಚಾಚಿದೆ. ಅದನ್ನೂ ಸವರಿ ನೋಡಿದರು.

"ಅವತ್ತೂ ಹಿಂಗಾ ತೋರಿಸಿದ್ಯಾ?"

ಹೂಂ ಎಂದೆ.

"ನೀ ತಿರುಗಿದ್ರ ಮೂಡಲ ತಿರುಗಂಗಿಲ್ಲವ್ವ. ಅದು ಇದ್ದಲ್ಲೇ ಇರತೈತೆ." ನನ್ನ ತಲೆ ಸವರಿದರು. "ನಿಮ್ಮಪ್ಪಗ ಹೇಳಬ್ಯಾಡ. ಬೈತಾನ ನಿನಗ."

ನನಗೆ ಬೇಕಾಗಿದ್ದೂ ಅದೇ. ಹೇಳಲಿಲ್ಲ. ಪರೀಕ್ಷೆಯಲ್ಲಿ ಎಡಗೈ ಉತ್ತರ ಎಂದು ಬರೆದು ಪೂರ್ತಿ ಮಾರ್ಕ್ಸು ತೆಗೆದುಕೊಂಡೆ.

ದಾರಿಯ ಧೂಳಿಗೋ ಏನೋ ಆ ಕಣ್ಣು ಕೆಂಪಾಗಿ ಎರಡು ತಿಂಗಳು ನೀರು ಸುರಿಸಿತು. ಕಡೆಗೆ ಮಸುಕಾಗಿ ಒಂದಿಷ್ಟು ಕಂಡಿತು. ಎರಡನೆಯ ಕಣ್ಣಿನ ಆಪರೇಷನ್ನಿಗೆ ಅಜ್ಜ ಬರಲೇ ಇಲ್ಲ, ನಮ್ಮ ಮನೆಯ ಮೆಟ್ಟಿಲನ್ನು ಮತ್ತೆ ತುಳಿಯಲೂ ಇಲ್ಲ. ಬಂಧುಗಳು ಸೇರಿದಲ್ಲೆಲ್ಲ ಅಪ್ಪ ಇದನ್ನು ಹೇಳಿಕೊಂಡು ಸಂಕಟಪಡುತ್ತಿದ್ದರು, ನಮ್ಮಪ್ಪನಂಥ ಹಟಮಾರಿಯನ್ನು ಕಂಡಿಲ್ಲ ಎಂದು. ಸುಗ್ಗಿಗೋ ಯಾರದಾದರೂ ಮದುವೆಗೋ ಊರಿಗೆ ಹೋದರೆ ಇಬ್ಬರ ನಡುವೆ ಮಳೆ ಬೆಳೆಯ ನಾಲ್ಕು ಮಾತು, ಅಷ್ಟೇ. ಹನ್ನೊಂದು ವರ್ಷದ ಮೇಲೆ ಅಜ್ಜ ತೀರಿಕೊಂಡರು. ಆಗ ನಾನು ಪಿಯುಸಿ. ಬಾಯಿ ಬಿಡಲು ಬೇಕಾದಷ್ಟು ವಯಸ್ಸಾಗಿತ್ತು, ಬಿಡಲಿಲ್ಲ.

ಈಗ ಅಪ್ಪ ನಮ್ಮ ಜೊತೆಗಿದ್ದಾರೆ. ಹೋದ ತಿಂಗಳು ಅವರ ಕಣ್ಣಿನ ಪೊರೆಯನ್ನೂ ತೆಗೆಸಿದೆವು. ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ತಾವೇ ನಡೆದು ಬಂದರು. ಮಗಳು ಒಂದನೇ ಕ್ಲಾಸು. ಅವಳಿಗೂ ಅದೇ ಪಾಠ, ಈಗ ಬಣ್ಣದ ವರ್ಕ್‌ಶೀಟಿನಲ್ಲಿ. ಹಾಳೆಯ ಮೇಲ್ಗಡೆ ಉತ್ತರ ಎಂದು ಅಚ್ಚಾಗಿದೆ. ಉತ್ತರ ಎಲ್ಲಿ ಎಂದರೆ ಅವಳು ಸೀಲಿಂಗ್ ಫ್ಯಾನ್ ತೋರಿಸಿದಳು. ನಾನು ಬೇಕಾದ್ದಕ್ಕಿಂತ ಜಾಸ್ತಿ ಗದರಿದೆ. ಕುರ್ಚಿಯಲ್ಲಿದ್ದ ಅಪ್ಪ, ಮಗುವಿಗೆ ಯಾಕೆ ಬೈತೀಯ ಎಂದರು. ದಿಕ್ಕು ಗೊತ್ತಿದ್ದ ತಮ್ಮ ಅಪ್ಪ ಏನು ಮಾಡಿದರು, ಹಟ ಮಾಡಿ ಕಣ್ಣು ಕಳೆದುಕೊಂಡರು ಎಂದು ಹಳೆಯ ರಾಗ ತೆಗೆದರು.

ಆ ರಾಗವನ್ನು ಇನ್ನೊಂದು ಸಲ ಕೇಳಲು ನನ್ನ ಕೈಲಾಗಲಿಲ್ಲ. ಮಂಚ, ಹಾಲ್, ನನ್ನ ಬಲಗೈ, ಸಾರಥಿಯ ಕಟ್ಟೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಬಹುದೆಂದು ಕಾದೆ. ಅಪ್ಪ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಅವತ್ತು ಬಸ್ಸಿನಾಗ ಅವರು ಎರಡ್ ಸಲ ನನ್ನ ಮಾತಾಡಿಸಿದ್ರವ್ವ," ಎಂದರು. "ನಾನು ಓ ಅನ್ನಲಿಲ್ಲ."

ಆರು ವರ್ಷದವಳಿದ್ದಾಗಲೇ ನಾನು ನಿಜ ಹೇಳಿ ಬೈಸಿಕೊಂಡಿದ್ದರೆ ಅಪ್ಪನಿಗೆ ಅವರಪ್ಪನ ಜೊತೆ ಇನ್ನೂ ಹನ್ನೊಂದು ವರ್ಷ ಸಿಗುತ್ತಿತ್ತು.