ನಡುಗಡ್ಡೆಯ ಹನ್ನೊಂದನೇ ಚೂರು

ಕೆಂಪಾಪುರ ಬಿಟ್ಟು ಹುಣಸಮಾರನಹಳ್ಳಿ ಕಡೆ ಅತ್ತೆಯ ಮನೆಗೆ ನಾವು ಬಂದ ವರ್ಷ ನನಗೆ ಊರ ಕೆರೆಯ ನಡುಗಡ್ಡೆಯ ಹುಚ್ಚು ಹಿಡಿಯಿತು. ಯಾವುದೋ ಚಳಿ ದೇಶದಲ್ಲಿ ಹಿಂದಿನವರು ಕೆರೆಯೊಳಗೆ ಕಲ್ಲು, ಮರ ತುಂಬಿ ನಡುಗಡ್ಡೆ ಕಟ್ಟಿಕೊಂಡು ಬದುಕಿದ್ದರು ಎಂದು ಓದಿದ್ದೆ. ನಮ್ಮದೂ ಯಾಕೆ ಹಾಗಿರಬಾರದು? ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಭಾನುವಾರದ ಕೆರೆ ಸಮಿತಿ ಸಭೆಯಲ್ಲಿ ಪುರಾವೆ ಸಮೇತ ತೋರಿಸುತ್ತೇನೆ ಎಂದು ಎಲ್ಲರಿಗೂ ಹೇಳಿಬಿಟ್ಟೆ.

"ಮೊದ್ಲು ನೋಡ್ಕೊಂಡ್ ಬಾ, ಆಮೇಲೆ ಡಂಗುರ ಹೊಡಿ," ಎಂದರು ನಮ್ಮ ಯಜಮಾನರು. ನನಗೋ ಮೂಗಿನ ತುದಿಯಲ್ಲೇ ಕೋಪ. ಮೀನು ಹಿಡಿಯುವವರ ತೆಪ್ಪ ಹತ್ತಿ ಅವತ್ತೇ ಹೋದೆ.

ಅಲ್ಲಿ ಬರೀ ಕೊಕ್ಕರೆ ಹಿಕ್ಕೆ, ಜಾಲಿ ಮುಳ್ಳು. ಕೋಲಿನಿಂದ ಕೆದಕಿದರೆ ಹೆಜ್ಜೆಗೊಂದು ಮಡಕೆ ಚೂರು, ಮಸಿ ಹಿಡಿದದ್ದು. ಅಂದರೆ ಇಲ್ಲಿ ಒಲೆ ಉರಿದಿದೆ, ಸಂಸಾರ ನಡೆದಿದೆ. ಚೀಲ ತುಂಬ ತಂದು, ತೊಳೆದು, ಜಗಲಿಯ ಮೇಲೆ ಹರವಿ, ಒಂದೊಂದಕ್ಕೂ ಮಾರ್ಕರಿನಲ್ಲಿ ನಂಬರ್ ಬರೆದೆ.

ಅತ್ತೆ ಹೊರಗೆ ಬಂದರು. ಅವರು ಹುಟ್ಟಿದ್ದೂ ಸೊಸೆಯಾದದ್ದೂ ಇದೇ ಊರಿನಲ್ಲಿ.

"ಎಲ್ಲಿಂದ ತಂದೆ ಇವ್ನ?"

"ನಡುಗಡ್ಡೆಯಿಂದ ಅತ್ತೆ. ಸಾವಿರ ವರ್ಷದ್ದಿರ್ಬೇಕು."

"ಯಾವ ಸಾವಿರ ವರ್ಸ? ಸಾವಾದ ಮನೆ ಮಡಕೆ ಕಣಮ್ಮ ಇವು. ಸೂತ್ಕ ಕಳೆಯೋ ದಿನ ಅಡಿಗೆ ಮಡಕೆ ಎಲ್ಲಾ ಕೆರೆ ದಡಕ್ಕೆ ತಕ್ಕೊಂಡೋಗಿ ಒಡೆದಾಕ್ತಿದ್ರು. ಐದಾರು ವರ್ಸದ ಕೆಳಗೆ ಹೂಳೆತ್ತಿದೋರು ಆ ಮಣ್ಣನ್ನೇ ಜೇಸಿಬಿಲಿ ಕೆರೆದು, ಅಕ್ಕಿಗಳು ಕೂತ್ಕಳ್ಳಿ ಅಂತ ಮದ್ಯ ಗುಡ್ಡೆ ಆಕಿದ್ರು. ಎಸ್ದು ತಲೆಗೆ ನೀರಾಕ್ಕೋ ಓಗು."

ಗುಡ್ಡ ಅಗೆದು ಇಲಿ ಹಿಡಿದಿದ್ದೆ. ಊರೆಲ್ಲ ಸಾರಿದವಳು ಮನೆಯಲ್ಲೇ ಇದ್ದ ಅತ್ತೆಯನ್ನು ಒಂದು ಮಾತು ಕೇಳಿರಲಿಲ್ಲ. ನಾಚಿಕೆಗಿಂತ ಹೆಚ್ಚು ಸಿಟ್ಟೇ ಬಂತು, ನನ್ನ ಮೇಲೆಯೇ. ಚೂರುಗಳನ್ನು ದಡಬಡ ಮೊರಕ್ಕೆ ತುಂಬತೊಡಗಿದೆ.

"ತಡಿ," ಎಂದು ಅತ್ತೆ ಮೆಟ್ಟಿಲ ಮೇಲೆ ಕೂತರು. "ನಮ್ಮವ್ವ ತೀರೋದಾಗ ನಂಗೆ ಏಳು ವರ್ಸ. ನಮ್ಮಪ್ಪ ಮಡಕೆ ಒತ್ಕೊಂಡು ಓಗ್ತಿದ್ರೆ, ಸಾರಿನ ಮಡಕೆ ಒಂದು ಬಿಡಪ್ಪ ಅಂತ ಪಂಚೆ ಇಡ್ಕೊಂಡು ಅತ್ತಿದ್ದೆ. ಬಿಡ್ಲಿಲ್ಲ."

ಅವರ ತಾಯಿಯದು ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಮೊರವನ್ನು ಅವರ ಮುಂದಿಟ್ಟೆ. "ಇದ್ರಲ್ಲಿ ಯಾವ್ದತ್ತೆ?" ಎಂದೆ.

"ಯಾವ್ದು ಅಂತ ಏಳ್ಲಿ."

ಸೂತಕದ ಮನೆಯಲ್ಲಿ ನೀರು ಸಹ ಮುಟ್ಟದ ಅತ್ತೆ ಮೊರದಲ್ಲಿ ಕೈಯಾಡಿಸಿದರು. ಒಂದು ಚೂರು ಎತ್ತಿ, ಸೆರಗಿನಲ್ಲಿ ಒರೆಸಿ, ಮೂಸಿ ನೋಡಿದರು. ಆಮೇಲೆ ಅದನ್ನು ಮೊರಕ್ಕೆ ಹಾಕದೆ ಒಳಗೆ ನಡೆದರು.

ಭಾನುವಾರ ಸಭೆಯಲ್ಲಿ ಚೂರುಗಳನ್ನು ಮುಂದಿಟ್ಟು, ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡೆ. ಕೆಲವರು ನಕ್ಕರು. ಒಬ್ಬರು ನಂಬರುಗಳನ್ನು ಸಾಲಾಗಿ ಜೋಡಿಸಿ, "ಹನ್ನೊಂದು ಎಲ್ಲಿ ಮೇಡಂ?" ಎಂದು ಕೇಳಿದರು.

ಕೆರೆಗೆ ಬಿದ್ದುಹೋಯಿತು ಎಂದೆ.